ಹಲ್ಲಿನ ಬೇರು ಎಲ್ಲಿ ಮುಗಿಯುತ್ತೆ? ಪೀಂ ಪೀಂ ಪೆಟ್ಟಿಗೆಯ ಕಥೆ

ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೇನೆ.

ಕಳೆದ ಮಳೆಗಾಲದಲ್ಲಿ ಪುಣೆಯ ವಾಕಡ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕುರ್ಚಿ ಮೇಲೆ ಬಾಯಿ ತೆರೆದು ಮಲಗಿದ್ದೆ. ಎರಡು ವರ್ಷದ ಹಿಂದೆ ಬೇರೆ ಕಡೆ ರೂಟ್ ಕೆನಾಲ್ ಮಾಡಿಸಿದ್ದ ದವಡೆ ಹಲ್ಲೇ ಮತ್ತೆ ಬಾತಿತ್ತು. ಆಗ ತುಂಬಿದ್ದು ಬೇರಿನ ತುದಿಯವರೆಗೆ ಹೋಗಿಯೇ ಇಲ್ಲ, ಇನ್ನೊಮ್ಮೆ ಮಾಡೋಣ, ಆಗದಿದ್ರೆ ಕೀಳಬೇಕಾಗುತ್ತೆ ಅಂದ್ರು. ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿದ್ರು, ಹಲ್ಲೊಳಗೆ ಇಳಿಸಿದ್ದ ಸೂಜಿಯಂಥ ಫೈಲಿಗೆ ಒಂದು ಕ್ಲಿಪ್ ಹಾಕಿದ್ರು. ಪಕ್ಕದ ಪುಟ್ಟ ಪೆಟ್ಟಿಗೆ ಕಾರಿನ ರಿವರ್ಸ್ ಸೆನ್ಸರ್ ಥರ ಪೀಂ ಪೀಂ ಅನ್ನತೊಡಗಿತು. ಅದರ ಹೆಸರು ಏಪೆಕ್ಸ್ ಲೊಕೇಟರ್. ಎಂಟೆಕ್ ಮಾಡಿದವನ ತಲೆ ಸುಮ್ಮನಿರುತ್ತಾ? ಮನೆಗೆ ಬಂದು ಓದಲು ಕೂತೆ.

ಸಮಸ್ಯೆ ಸರಳ. ಬೇರಿನೊಳಗಿನ ಕಾಲುವೆಯನ್ನು ತುದಿಯವರೆಗೆ ಸ್ವಚ್ಛ ಮಾಡಬೇಕು. ಮೊದಲೇ ನಿಂತರೆ ಸೋಂಕು ಉಳಿಯಬಹುದು, ದಾಟಿದರೆ ಆಚೆಯ ಅಂಗಾಂಶಕ್ಕೆ ಗಾಯ. ಆದರೆ ತುದಿ ಕಣ್ಣಿಗೆ ಕಾಣಲ್ಲ.

ಮೊದಲು ನೆರವಿಗೆ ಬಂದದ್ದು ಎಕ್ಸ್-ರೇ. 1899ರಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಎಡ್ಮಂಡ್ ಕೆಲ್ಸ್ ಕಾಲುವೆಯೊಳಗೆ ಸೀಸದ ತಂತಿ ಇಟ್ಟು ಚಿತ್ರ ತೆಗೆದು ಉದ್ದ ನೋಡಿದರು. ವಿಕಿರಣದ ಅಪಾಯ ಆಗ ಗೊತ್ತಿರಲಿಲ್ಲ. ಮುಂದೆ ಅದೇ ಕಿರಣಗಳಿಂದ ಅವರ ಬೆರಳುಗಳು, ಕೊನೆಗೆ ತೋಳೇ ಹೋಯಿತು. ಇಷ್ಟು ಬೆಲೆ ತೆತ್ತರೂ ಚಿತ್ರಕ್ಕೆ ಒಂದು ಮಿತಿ ಇದೆ: ಕಾಲುವೆಯ ಬಾಯಿ ಎಷ್ಟೋ ಸಲ ಬೇರಿನ ತುದಿಯಲ್ಲಿರದೆ ಪಕ್ಕಕ್ಕೆ ತೆರೆದಿರುತ್ತೆ.

ವಿದ್ಯುತ್ತಿನಿಂದ ಹುಡುಕಬಹುದು ಅಂತ 1918ರಲ್ಲಿ ಕಸ್ಟರ್ ಹೇಳಿದ್ದರು. 1942ರಲ್ಲಿ ಜಪಾನಿನ ಸುಜುಕಿ ನಾಯಿಯ ಹಲ್ಲಿನ ಮೇಲೆ ಪ್ರಯೋಗ ಮಾಡುವಾಗ, ಬೇರಿನ ಸುತ್ತಲಿನ ಪೊರೆಗೂ ಬಾಯಿಯ ಒಳಚರ್ಮಕ್ಕೂ ನಡುವಿನ ವಿದ್ಯುತ್ ರೋಧ ಹೆಚ್ಚುಕಮ್ಮಿ ಸ್ಥಿರ ಅನ್ನೋದನ್ನು ಗಮನಿಸಿದರು. 1962ರಲ್ಲಿ ಸುನಾದಾ ಅದನ್ನೇ ಮನುಷ್ಯರ ಹಲ್ಲಿಗೆ ಅಳತೆಗೋಲು ಮಾಡಿದರು: ಮೀಟರ್ ಸುಮಾರು 6.5 ಕಿಲೋ-ಓಮ್ ತೋರಿಸಿದರೆ ಫೈಲು ಬೇರಿನ ಕೊನೆ ಮುಟ್ಟಿದೆ ಅಂತ.

ಪೇಪರಿನಲ್ಲಿ ಚೆಂದ. ಆದರೆ ಬಾಯಿ ಒಣ ಲ್ಯಾಬ್ ಅಲ್ಲವಲ್ಲ! ರಕ್ತ, ಕೀವು, ತೊಳೆಯುವ ದ್ರಾವಣ ಎಲ್ಲವೂ ವಿದ್ಯುತ್ತನ್ನು ಹರಿಸುತ್ತವೆ. ಕಾಲುವೆ ಒದ್ದೆಯಾದರೆ ಯಂತ್ರ ತುದಿ ಬರುವ ಮೊದಲೇ 'ಬಂತು' ಅಂದುಬಿಡುತ್ತಿತ್ತು.

ಬಿಡಿಸಿದ್ದು ಒಂದು ಸಣ್ಣ ಉಪಾಯ. 1990ರ ದಶಕದ ಆರಂಭದಲ್ಲಿ ಟೋಕಿಯೋದ ಕೊಬಾಯಾಶಿ ಮತ್ತು ಸುಡಾ ಎರಡು ಫ್ರೀಕ್ವೆನ್ಸಿಯಲ್ಲಿ, 8 ಕಿಲೋಹರ್ಟ್ಸ್ ಮತ್ತು 400 ಹರ್ಟ್ಸ್, ಇಂಪೀಡೆನ್ಸ್ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರು. ಒದ್ದೆಯಿಂದ ಎರಡೂ ಒಟ್ಟಿಗೇ ಏರಿಳಿಯುವುದರಿಂದ ಅನುಪಾತ ಹೆಚ್ಚು ಕದಲಲ್ಲ. ತುದಿಯಿಂದ ದೂರ ಇದ್ದಾಗ ಅದು 1ರ ಹತ್ತಿರ, ಕಾಲುವೆ ಕಿರಿದಾಗುವ ಕಡೆ ಬಂದಾಗ ಸುಮಾರು 0.67. ಮೊರಿಟಾ ಕಂಪನಿಯ ರೂಟ್ ಝಡ್‌ಎಕ್ಸ್ ಯಂತ್ರ ಇದರ ಮೇಲೇ ನಿಂತಿದೆ.

ನನಗೆ ಹಿಡಿಸಿದ್ದು ಇದೇ. ಗದ್ದಲವನ್ನು ತೆಗೆಯೋಕೆ ಆಗದಿದ್ದಾಗ, ಅದೇ ಗದ್ದಲ ಇರುವ ಎರಡು ಅಳತೆಗಳನ್ನು ಹೋಲಿಸಿದರು. ಸರ್ವರ್ ಲೋಡ್ ನೋಡುವಾಗ ನಾವೂ ಮಾಡುವ ಕೆಲಸವೇ.

ಆದರೂ ನಮ್ಮ ಡಾಕ್ಟರು ಪೆಟ್ಟಿಗೆಯನ್ನೊಂದೇ ನಂಬಲಿಲ್ಲ, ಎಕ್ಸ್-ರೇ ಕೂಡ ತೆಗೆದರು. ಫೈಲು ಲೋಹದ ಕ್ಯಾಪಿಗೆ ತಗುಲಿದರೆ ಇದೂ ತಪ್ಪು ಹೇಳುತ್ತಂತೆ. ನೀವೂ ರೂಟ್ ಕೆನಾಲ್‌ಗೆ ಹೋದರೆ ಉದ್ದ ಹೇಗೆ ಅಳೀತೀರಿ ಅಂತ ಕೇಳಿ, ಸಂಕೋಚ ಬೇಡ. ನಾನು ಮೊದಲ ಸಲ ಕೇಳಿರಲಿಲ್ಲ.

ಹಲ್ಲು ಇನ್ನೂ ಇದೆ. ಮೊನ್ನೆ ಊರಿಂದ ಬಂದ ಚಕ್ಕುಲಿಯನ್ನು ಆ ಕಡೆಯಿಂದಲೇ ಕಡಿದೆ.