ಮಾನ್ಯಖೇಟದ ಸಂಖ್ಯಾಹಾರ

ಕಾಗಿಣಾ ನದಿಯ ದಂಡೆಯ ಇಂದಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಯಾವ ನೃಪತುಂಗನ ಆಸ್ಥಾನದಿಂದ ಕನ್ನಡಕ್ಕೆ 'ಕವಿರಾಜಮಾರ್ಗ'ವು ಲಭಿಸಿತೋ ಆ ಅಮೋಘವರ್ಷನನ್ನೇ ಗ್ರಂಥಾರಂಭದಲ್ಲಿ ಸ್ತುತಿಸಿ, ಜೈನ ವಿದ್ವಾಂಸನಾದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಪಾಕಶಾಸ್ತ್ರ, ವೈದ್ಯ, ಛಂದಸ್ಸು, ವಾಸ್ತುಗಳೆಲ್ಲಕ್ಕೂ ಗಣಿತವು ಬೇಕೆಂದು ಸಾರಿದ ಈ ಆಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾನೆ; ದ್ವೀಪಸಮುದ್ರಗಳನ್ನೂ ಕಾಲಚಕ್ರವನ್ನೂ ಅಳೆಯಹೊರಟ ಜೈನರಿಗೆ ಮಹಾಸಂಖ್ಯೆಗಳ ಮೇಲಿದ್ದ ಒಲವು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಅವನ ಪ್ರತಿಭೆಯು ಸಂಖ್ಯೆಯ ಗಾತ್ರಕ್ಕಿಂತ ಅದರ ರೂಪದಲ್ಲಿಯೇ ಹೆಚ್ಚು ರಮಿಸಿತು. ಗುಣಾಕಾರದ ಪ್ರಕರಣದಲ್ಲಿ ಅವನು ಕೆಲವು ಗುಣಲಬ್ಧಗಳನ್ನು ಕಂಠಾಭರಣಗಳೆಂದು ಕರೆದಿದ್ದಾನೆ, ಏಕೆಂದರೆ ಅವುಗಳ ಅಂಕಿಗಳು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು ಬರುತ್ತದೆ. 27994681ನ್ನು 441ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕಿಳಿಯುವ 12345654321 ದೊರೆಯುತ್ತದೆ.

ಇದು ಆಕಸ್ಮಿಕವಲ್ಲ. ಆರು ಒಂದುಗಳ 111111ನ್ನು ಅದರಿಂದಲೇ ಗುಣಿಸುವಾಗ ಒಂದೊಂದು ಸಾಲನ್ನೂ ಒಂದು ಸ್ಥಾನ ಸರಿಸಿ ಬರೆದರೆ, ಮಧ್ಯದ ಸ್ಥಾನದಲ್ಲಿ ಆರು ಒಂದುಗಳೂ ಅತ್ತಿತ್ತ ಐದು, ನಾಲ್ಕು ಎಂಬ ಕ್ರಮದಲ್ಲಿ ಕಡಿಮೆಯೂ ಕೂಡುವುದರಿಂದ ಈ ಹಾರವು ತಾನಾಗಿ ಸಿದ್ಧವಾಗುತ್ತದೆ. ಒಂಬತ್ತು ಒಂದುಗಳವರೆಗೂ ಈ ನಿಯಮವು ನಡೆದು, ಹತ್ತನೆಯದರಲ್ಲಿ ದಶಕವು ಮುಂದಿನ ಸ್ಥಾನಕ್ಕೆ ಹೋಗುವುದರಿಂದ ಕೆಡುತ್ತದೆ. ಇನ್ನು 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, ಇವೆರಡು ಮೂಲಗಳ ಗುಣಲಬ್ಧವೇ 111111. ಆಚಾರ್ಯನು ಹಾರವನ್ನು ಮೊದಲು ಕಲ್ಪಿಸಿಕೊಂಡು, ಅದನ್ನು ಎರಡಾಗಿ ಬಿಡಿಸಿ, ಆ ತುಂಡುಗಳನ್ನು ಶಿಷ್ಯರ ಮುಂದಿಟ್ಟನೆಂದು ಊಹಿಸಲು ಇದು ಸಾಕು.

ಒಂಬತ್ತರವರೆಗೂ ಹೋಗಬಹುದಾಗಿದ್ದವನು ಆರಕ್ಕೇಕೆ ನಿಂತನು? ಐದು ಒಂದುಗಳ ಸಂಖ್ಯೆಯು 41 ಮತ್ತು 271 ಎಂಬ ಎರಡೇ ಅವಿಭಾಜ್ಯಗಳಾಗಿ ಒಡೆಯುತ್ತದೆ. ಏಳರದು 239 ಮತ್ತು 4649 ಎಂದು. 111111 ಮಾತ್ರ 3, 7, 11, 13, 37 ಎಂಬ ಐದು ಸಣ್ಣ ಅವಿಭಾಜ್ಯಗಳಾಗಿ ಬಿಡಿಬಿಡಿಯಾಗುವುದರಿಂದ, ಅದನ್ನು ಬೇಕಾದಂತೆ ಜೋಡಿಸಿ ಒಂದು ಕಡೆ ಸುಲಭವಾದ ಗುಣಕವನ್ನೂ ಇನ್ನೊಂದು ಕಡೆ ಗುರುತು ಸಿಕ್ಕದ ಗುಣ್ಯವನ್ನೂ ಇಡುವ ಸ್ವಾತಂತ್ರ್ಯವು ಅವನಿಗೆ ದೊರೆಯಿತು. ಈ ಊಹೆಯು ನಿಜವಾದಲ್ಲಿ, ಅಲಂಕಾರವೆಂದು ನಾವು ಮೆಚ್ಚುವ ಈ ಹಾರವು ಅಪವರ್ತನಗಳನ್ನು ಚೆನ್ನಾಗಿ ಬಲ್ಲವನೊಬ್ಬನ ಲೆಕ್ಕಾಚಾರದ ಫಲವೆಂದೇ ಹೇಳಬೇಕು.