ವಾದವೋ, ಸಂವಾದವೋ?
ಕಥೋಲಿಕ–ಪ್ರಾಟೆಸ್ಟಂಟ್ ಚರ್ಚೆಗಳ ಚರಿತ್ರೆಯಿಂದ ಕೆಲವು ಪಾಠಗಳು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳ, ಕನ್ಯಾಸ್ತ್ರೀಯರ, ಉಪದೇಶಿಗಳ ನಿಸ್ವಾರ್ಥ ಸೇವೆಯನ್ನು ಬಲ್ಲವರು ಬರೆದಿದ್ದಾರೆ. ನಾವು ಇಲ್ಲಿ ಎತ್ತಿಕೊಂಡಿರುವುದು, ನೂರು ವರ್ಷಗಳ ಸಂತೋಷದ ನಡುವೆಯೂ ಮನಸ್ಸನ್ನು ಚುಚ್ಚುವ ಒಂದು ಪ್ರಶ್ನೆಯನ್ನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಈ ಸೀಮೆಯಲ್ಲಿ ಕ್ರೈಸ್ತರು ಬೆರಳೆಣಿಕೆಯವರು. ಆ ಬೆರಳೆಣಿಕೆಯವರಲ್ಲಿಯೂ ಎರಡು ಪಂಗಡ. ಮದುವೆಯ ಚಪ್ಪರದಲ್ಲಿಯೋ, ಸಾವಿನ ಮನೆಯ ಜಗಲಿಯ ಮೇಲೆಯೋ ಇಬ್ಬರೂ ಕೂಡಿದಾಗ ಮಾತು ಏಳುತ್ತದೆ: ಮಾತೆ ಮರಿಯಮ್ಮನವರಲ್ಲಿ ಬಿನ್ನವಿಸುವುದೇಕೆ? ಜಗದ್ಗುರುಗಳ ಅಧಿಕಾರಕ್ಕೆ ಆಧಾರವೆಲ್ಲಿ? ಸತ್ತವರಿಗಾಗಿ ಪೂಜೆ ಏಕೆ? ಮಾತಿಗೆ ಮಾತು ಬೆಳೆದು, ಉಂಡ ಊಟ ಮೈಗೆ ಹತ್ತದೆ ಎದ್ದು ಹೋದವರನ್ನು ನಾವೆಲ್ಲ ಕಂಡಿದ್ದೇವೆ. ಇಂತಹ ವಾದಗಳಿಂದ ಪ್ರಯೋಜನವುಂಟೇ? ಚರಿತ್ರೆ ಏನು ಹೇಳುತ್ತದೆಂಬುದನ್ನು ವಿಚಾರಿಸೋಣ.

ನಮ್ಮ ನೆರೆಯ ಚರಿತ್ರೆ

ಇಳಕಲ್ಲಿನ ಪೂರ್ವಕ್ಕಿರುವ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವೊಂದು ನೆಲೆನಿಂತಿದೆ. ಪ್ರಾಟೆಸ್ಟಂಟರು ಈ ಕಡೆಗೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡವನ್ನು, 1839ರಲ್ಲಿ ಹುಬ್ಬಳ್ಳಿಯನ್ನು ಮುಟ್ಟಿತು. 1851ರಲ್ಲಿ, ಅಂದು ಬಾದಾಮಿ ತಾಲ್ಲೂಕಿಗೆ ಸೇರಿದ್ದ ನೇಕಾರರ ಊರಾದ ಗುಳೇದಗುಡ್ಡದಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಇದಕ್ಕೂ ಮೊದಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು.

ಹೀಗೆ ಎರಡು ಹೊಳೆಗಳು ಬೇರೆ ಬೇರೆ ದಿಕ್ಕಿನಿಂದ ಹರಿದು ಬಂದುದರಿಂದ ಒಂದೇ ವಿಶ್ವಾಸಕ್ಕೆ ಎರಡು ಭಾಷೆ ಹುಟ್ಟಿತು. ಅವರು 'ಕರ್ತನ ಭೋಜನ' ಎಂದುದನ್ನು ನಾವು 'ಪರಮಪ್ರಸಾದ' ಎಂದೆವು. ಅವರ ಪೇತ್ರ ಹಳೆಯ ಮೈಸೂರಿನ ಕಥೋಲಿಕರ ಬಾಯಲ್ಲಿ ರಾಯಪ್ಪನಾದನು, ಪೌಲನು ಚಿನ್ನಪ್ಪನಾದನು, ಯೋಹಾನನು ಅರುಳಪ್ಪನಾದನು. ಒಬ್ಬನೇ ಅಪೊಸ್ತಲನನ್ನು ಎರಡು ಹೆಸರಿನಿಂದ ಕರೆಯುವವರು ಪರಸ್ಪರ ಅಪರಿಚಿತರಂತೆ ಕಂಡುದು ಆಶ್ಚರ್ಯವಲ್ಲ. ನಮ್ಮ ಅನೇಕ ಜಗಳಗಳ ಅರ್ಧ ಭಾಗ ಇಂತಹ ಶಬ್ದಗಳದ್ದೇ ಎಂದು ನಮ್ಮ ಅನಿಸಿಕೆ. ಉಳಿದರ್ಧ ಮಾತ್ರ ನಿಜವಾದ ಸಿದ್ಧಾಂತಭೇದ; ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು.

ಯುರೋಪಿನ ಮೂರು ಸಭೆಗಳು

ವಾದದಿಂದ ಸತ್ಯ ನಿರ್ಣಯವಾಗುವುದಾದರೆ ಅದು ಹದಿನಾರನೆಯ ಶತಮಾನದಲ್ಲಿಯೇ ಆಗಬೇಕಾಗಿತ್ತು. ಆಗ ವಾದಕ್ಕಿಳಿದವರು ಮಹಾಪಂಡಿತರು.

1519ರಲ್ಲಿ ಲೈಪ್ಜಿಗ್ ನಗರದಲ್ಲಿ ಕಥೋಲಿಕ ಪಂಡಿತ ಯೋಹಾನ್ ಎಕ್ ಒಂದು ಕಡೆ, ಕಾರ್ಲ್‌ಸ್ಟಾಟ್ ಮತ್ತು ಮಾರ್ಟಿನ್ ಲೂಥರ್ ಇನ್ನೊಂದು ಕಡೆ ನಿಂತು ಸುಮಾರು ಮೂರು ವಾರ ವಾದಿಸಿದರು. ಎಕ್ ಎದುರಾಳಿಯನ್ನು ಮೂಲೆಗೆ ಒತ್ತಿದನು. ಕಾನ್ಸ್ಟನ್ಸ್ ಮಹಾಸಭೆ ಖಂಡಿಸಿದ ಹುಸ್‌ನ ಮಾತುಗಳಲ್ಲಿಯೂ ಸತ್ಯವುಂಟು, ಮಹಾಸಭೆಗಳೂ ತಪ್ಪಬಹುದು ಎಂದು ಲೂಥರನ ಬಾಯಿಂದ ಹೊರಟಿತು. ವಾದದಲ್ಲಿ ಎಕ್ ಗೆದ್ದನೆಂದು ಅನೇಕರು ಭಾವಿಸಿದರು. ಆದರೆ ಆ ಗೆಲುವಿನಿಂದ ಬಿರುಕು ಕಂದಕವಾಯಿತು. 1521ರಲ್ಲಿ ಲೂಥರನಿಗೆ ಬಹಿಷ್ಕಾರವಾಯಿತು.

1529ರಲ್ಲಿ ಮಾರ್ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ತ್ಸ್ವಿಂಗ್ಲಿ ಸಂಧಿಸಿದರು. ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆ ದೊರೆಯಿತು. ಪರಮಪ್ರಸಾದದಲ್ಲಿ ಕ್ರಿಸ್ತನ ಶರೀರದ ಸಾನ್ನಿಧ್ಯವೆಂಬ ಒಂದರಲ್ಲಿ ಒಪ್ಪಿಗೆಯಾಗದೆ ಪ್ರಾಟೆಸ್ಟಂಟರಲ್ಲಿಯೇ ಎರಡು ಶಾಖೆಗಳು ಉಳಿದವು.

1541ರಲ್ಲಿ ರೇಗೆನ್ಸ್‌ಬುರ್ಗಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಅಪೇಕ್ಷೆಯಂತೆ ಎರಡೂ ಪಕ್ಷದವರು ಕುಳಿತರು. ಜಗದ್ಗುರುಗಳ ಪ್ರತಿನಿಧಿ ಕಾರ್ಡಿನಲ್ ಕೊಂತಾರಿನಿ ಮೃದುಸ್ವಭಾವದವರು. ಅಲ್ಲಿ ಸೇರಿದವರು ಮನುಷ್ಯನು ದೇವರ ಮುಂದೆ ನೀತಿವಂತನಾಗುವ ಬಗೆಯನ್ನು ಕುರಿತು ಒಂದೇ ವಾಕ್ಯಕ್ಕೆ ಬಂದರು. ಆದರೆ ಪರಮಪ್ರಸಾದ ಮತ್ತು ಧರ್ಮಸಭೆಯ ಅಧಿಕಾರದ ವಿಷಯದಲ್ಲಿ ಮಾತು ಮುರಿಯಿತು. ಒಪ್ಪಿದ ವಾಕ್ಯವನ್ನು ರೋಮ್ ಸ್ವೀಕರಿಸಲಿಲ್ಲ, ಲೂಥರನೂ ಸ್ವೀಕರಿಸಲಿಲ್ಲ.

ಈ ಕಹಿ ಅನುಭವದ ನೆರಳು ಬಹುಕಾಲ ಉಳಿಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆ, ಅನುಮತಿಯಿಲ್ಲದೆ ಅನ್ಯಪಂಗಡದವರೊಡನೆ, ವಿಶೇಷವಾಗಿ ಬಹಿರಂಗವಾಗಿ, ವಾದಕ್ಕಿಳಿಯಬಾರದೆಂದು ಕಥೋಲಿಕರನ್ನು ಎಚ್ಚರಿಸಿತು.

ಗಾಳಿ ತಿರುಗಿದ ಬಗೆ

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಬಾಸೆಲ್ ಮಿಷನ್ನಿನಲ್ಲಿ ಲೂಥರನ ಅನುಯಾಯಿಗಳೂ ಸ್ವಿಸ್ ಸುಧಾರಣೆಯ ವಾರಸುದಾರರೂ ಒಟ್ಟಿಗೆ ದುಡಿದರು. ಮಾರ್ಬುರ್ಗಿನಲ್ಲಿ ಕೈ ಕುಲುಕದೆ ಬೇರೆಯಾದವರ ಮಕ್ಕಳು ಒಂದೇ ಮಿಷನ್ನಿನ ಒಂದೇ ಸೇವೆಯಲ್ಲಿ ಕೂಡಿದರು. ಆ ಎರಡು ಶಾಖೆಗಳು ವಿಧಿವತ್ತಾಗಿ ಪರಸ್ಪರ ಭೋಜನ ಸಹಭಾಗಿತ್ವಕ್ಕೆ ಒಪ್ಪಿದ್ದು 1973ರಲ್ಲಿ. ಒಪ್ಪಿದ ಸ್ಥಳ ಬಾಸೆಲ್ ನಗರಕ್ಕೆ ದೂರವಲ್ಲದ ಲಾಯೆನ್‌ಬೆರ್ಗ್. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದುದೂ ಇದೇ ಹಾದಿಯಲ್ಲಿ.

ನಮ್ಮ ಕಡೆಯ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. 1964ರ ನವೆಂಬರ್ 21ರಂದು ಹೊರಟ ಕ್ರೈಸ್ತ ಐಕ್ಯದ ಆಜ್ಞಾಪತ್ರವು, ವಿಭಜನೆಯಲ್ಲಿ ಎರಡೂ ಕಡೆಯವರ ತಪ್ಪಿತ್ತೆಂದು ಒಪ್ಪಿಕೊಂಡಿತು. ದೀಕ್ಷಾಸ್ನಾನ ಪಡೆದ ಅವರು ನಮ್ಮ ಸಹೋದರರೆಂದು ಸಾರಿತು. ಸಮಾನಸ್ಥರಾಗಿ ಕುಳಿತು ಪರಸ್ಪರ ಅರಿಯಬೇಕೆಂದು ವಿಧಿಸಿತು. ಲೂಥರನ್ನರೊಡನೆ 1967ರಲ್ಲಿ ಆರಂಭವಾದ ಸಂವಾದ, 1999ರ ಅಕ್ಟೋಬರ್ 31ರಂದು ಔಗ್ಸ್‌ಬುರ್ಗಿನಲ್ಲಿ ನೀತೀಕರಣವನ್ನು ಕುರಿತ ಜಂಟಿ ಘೋಷಣೆಯಾಗಿ ಫಲಿಸಿತು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳು 2017ರಲ್ಲಿ ಅದಕ್ಕೆ ಕೈಜೋಡಿಸಿದರು. ರೇಗೆನ್ಸ್‌ಬುರ್ಗಿನಲ್ಲಿ ಕೈತಪ್ಪಿದ ಫಲ 458 ವರ್ಷಗಳ ಅನಂತರ ದೊರೆಯಿತು. ವಿಷಯ ಅದೇ, ಧರ್ಮಗ್ರಂಥ ಅದೇ. ಬದಲಾದುದು ಕುಳಿತ ರೀತಿ: ನೋಡುವ ಜನಜಂಗುಳಿ ಇರಲಿಲ್ಲ, ಗೆಲ್ಲುವ ಆತುರ ಇರಲಿಲ್ಲ, ಎದುರಿನವನ ಮಾತನ್ನು ಅವನೇ ಒಪ್ಪುವಂತೆ ಹೇಳಿ ತೋರಿಸುವ ತಾಳ್ಮೆ ಇತ್ತು.

ನಮ್ಮ ನಿರ್ಣಯ

ಜನರ ಮುಂದೆ ಗೆಲ್ಲುವುದಕ್ಕಾಗಿ ಮಾಡುವ ವಾದ ನಿಷ್ಪ್ರಯೋಜಕವೆಂದು ನಾವು ಭಾವಿಸುತ್ತೇವೆ. ಅದರಲ್ಲಿ ಸೋತವನು ಮನಸ್ಸು ಬದಲಿಸುವುದಿಲ್ಲ, ಗೆದ್ದವನು ಪ್ರೀತಿಯನ್ನು ಕಳೆದುಕೊಳ್ಳುತ್ತಾನೆ. ಅದನ್ನು ಕೇಳುತ್ತ ಕುಳಿತ ಲಿಂಗಾಯತ, ಮುಸಲ್ಮಾನ ನೆರೆಯವರಿಗೆ ಕ್ರಿಸ್ತನ ಹೆಸರು ಹಾಸ್ಯವಾಗುತ್ತದೆ.

ಹಾಗೆಂದು ಬಾಯಿ ಮುಚ್ಚಿ ಕುಳಿತಿರುವುದೂ ಸಲ್ಲದು. ಕೇಳಿದವರಿಗೆ ನಮ್ಮ ನಿರೀಕ್ಷೆಯ ಕಾರಣವನ್ನು ವಿನಯದಿಂದ ಹೇಳಲು ಸಿದ್ಧರಿರಬೇಕೆಂದು ಸಂತ ಪೇತ್ರರೇ ಬೋಧಿಸಿದ್ದಾರೆ. ನೆರೆಯವರ ಪ್ರಶ್ನೆಗೆ ಉತ್ತರಿಸಲಾರದಷ್ಟು ಅಜ್ಞಾನ ನಮ್ಮಲ್ಲಿದ್ದರೆ ಅದು ನಮ್ಮ ಲೋಪ. ಅವರು ಬೈಬಲ್ ಓದುವ ಶ್ರದ್ಧೆ ನಮಗೆ ಮಾದರಿಯಾಗಲಿ. ಬಾಸೆಲ್ ಮಿಷನ್ನಿನ ಕಿಟ್ಟೆಲರು 1894ರಲ್ಲಿ ಹೊರತಂದ ನಿಘಂಟು ಯಾವ ಪಂಗಡದ ಸೊತ್ತೂ ಆಗದೆ ಕನ್ನಡಿಗರೆಲ್ಲರ ಸೊತ್ತಾಯಿತೆಂಬುದನ್ನು ಮರೆಯದಿರೋಣ.

ಇನ್ನು ನೋವಿನ ಮಾತೊಂದನ್ನು ಮುಚ್ಚಿಡಲಾರೆವು. ಪಂಗಡ ಬೇರೆಯಾದ ದಂಪತಿಗಳು ನಮ್ಮಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಒಂದೇ ಮನೆಯಿಂದ ಹೊರಟು ಎರಡು ದಾರಿ ಹಿಡಿಯುತ್ತಾರೆ. ಒಂದೇ ಪೀಠದ ಬಳಿ ಪರಮಪ್ರಸಾದ ಸ್ವೀಕರಿಸುವ ದಿನ ಇನ್ನೂ ಬಂದಿಲ್ಲ; ಬಂದಿದೆಯೆಂದು ನಟಿಸುವುದು ಸರಿಯಲ್ಲ. ಆ ಮನೆಯ ಮಕ್ಕಳ ಮುಂದೆ ವಾದ ಹೂಡುವವರು ಹರಿಯುವುದು ಸಿದ್ಧಾಂತವನ್ನಲ್ಲ, ಮನೆಯನ್ನು.

ಇಳಕಲ್ಲಿನ ನೇಕಾರನು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆ ಎಳೆಗೂ ಕೊಂಡಿ ಹಾಕಿ ಕೂಡಿಸುತ್ತಾನೆ. ಅವಸರಪಟ್ಟರೆ ನೂಲು ಹರಿಯುತ್ತದೆ. ಜನವರಿ 18ರಿಂದ 25ರವರೆಗೆ ವರ್ಷವರ್ಷವೂ ಬರುವ ಕ್ರೈಸ್ತ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ ನೆರೆಯ ಸಭೆಯವರೊಡನೆ ಕೂಡಿ ಪ್ರಾರ್ಥಿಸುವುದು, ಅವರ ಸಾವುನೋವಿನಲ್ಲಿ ಹೆಗಲು ಕೊಡುವುದು, ವರ್ಷಕ್ಕೊಮ್ಮೆಯಾದರೂ ಜೊತೆಗೆ ಕುಳಿತು ಶುಭಸಂದೇಶವನ್ನು ಓದುವುದು—ಇವೇ ನಮ್ಮ ಕೈಗೆ ನಿಲುಕುವ ಕೊಂಡಿಗಳು. ತನ್ನವರೆಲ್ಲರೂ ಒಂದಾಗಿರಲೆಂದು ಮರಣದ ಹಿಂದಿನ ರಾತ್ರಿ ಪ್ರಾರ್ಥಿಸಿದ ಪ್ರಭು, ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದಲ್ಲಿ ಆ ಪ್ರಾರ್ಥನೆಯನ್ನು ನೆರವೇರಿಸಲೆಂದು ಬೇಡುತ್ತೇವೆ.