ಬುಷ್ ಪುರಾಣ

ಹೆಸರು ನೋಡಿ ಅಮೆರಿಕದ ಮಾಜಿ ಅಧ್ಯಕ್ಷರ ಕಥೆ ಎಂದುಕೊಂಡು ಬಂದಿದ್ದರೆ ಕ್ಷಮಿಸಿ. ಗ್ಯಾರೇಜಿನವರು ಹೇಳುತ್ತಾರಲ್ಲ, "ಸಾರ್, ಬುಷ್ ಹೋಗಿದೆ, ಬದಲಾಯಿಸಬೇಕು" ಅಂತ, ಇದು ಆ ಬುಷ್‌ನ ಕಥೆ. ಅದರಲ್ಲೂ ಹುಡುಗರು ಮೇಲೆ ನಿಂತು ಇಳಿಜಾರಿನಲ್ಲಿ ಜಾರಿಕೊಂಡು ಹೋಗುವ ಲಾಂಗ್‌ಬೋರ್ಡ್ ಎಂಬ ನಾಲ್ಕು ಚಕ್ರದ ಉದ್ದ ಹಲಗೆಯ ಬುಷ್‌ನ ಕಥೆ.

ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೆಲಸ, ಇವನಿಗೇಕೆ ಈ ಉಸಾಬರಿ ಎಂದು ನೀವು ಕೇಳಬಹುದು. ಕೋರಾಡಿಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಳೆದವನ ಕಿವಿಗೆ ಯಂತ್ರದ ಮಾತು ಬೀಳದೇ ಇರುವುದಿಲ್ಲ. ನಾಗಪುರದ ಉತ್ತರಕ್ಕಿರುವ ಈ ಊರು ಎರಡಕ್ಕೆ ಹೆಸರುವಾಸಿ: ಒಂದು ಜಗದಂಬಾ ದೇವಸ್ಥಾನ, ಇನ್ನೊಂದು 1974ರಲ್ಲಿ ಶುರುವಾದ ಉಷ್ಣ ವಿದ್ಯುತ್ ಸ್ಥಾವರ. ನಮ್ಮ ಕಾಲೋನಿಯಲ್ಲಿ ಸ್ಥಾವರದಿಂದ ನಿವೃತ್ತರಾದವರು ಬಹಳ. ಸಂಜೆ ಕಟ್ಟೆಯ ಮೇಲೆ ಕೂತರೆ ಪಂಪು, ಬೇರಿಂಗು, ಕಪ್ಲಿಂಗುಗಳದ್ದೇ ಮಾತು. ಅವರಲ್ಲೊಬ್ಬರು ಒಮ್ಮೆ ನನಗೆ ಪಿನ್ ಬುಷ್ ಕಪ್ಲಿಂಗ್ ಎಂದರೇನು ಎಂದು ವಿವರಿಸಿದರು. ಮೋಟಾರಿನ ಶಾಫ್ಟು, ಪಂಪಿನ ಶಾಫ್ಟು ಎರಡೂ ಕೂದಲೆಳೆಯಷ್ಟೂ ಆಚೀಚೆ ಇಲ್ಲದಂತೆ ಕೂರುವುದು ಕಷ್ಟ. ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಒಂದು ದಿನ ಏನಾದರೊಂದು ಮುರಿಯುತ್ತದೆ. ಅದಕ್ಕೆ ನಡುವೆ ರಬ್ಬರ್ ಬುಷ್ ಹಾಕುತ್ತಾರೆ. ಅದು ಸ್ವಲ್ಪ ಬಗ್ಗುತ್ತದೆ, ಏಟು ನುಂಗುತ್ತದೆ, ಮತ್ತೆ ತನ್ನ ಜಾಗಕ್ಕೆ ಬರುತ್ತದೆ. "ಬಗ್ಗದಿದ್ದರೆ ಮುರಿಯುತ್ತೆ, ಜಾಸ್ತಿ ಬಗ್ಗಿದರೆ ಅದುರುತ್ತೆ" ಅಂದರು ಅವರು ಮರಾಠಿಯಲ್ಲಿ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ವಿಸ್ತರಣೆ ಅಷ್ಟೇ.

ಈಗ ಇತಿಹಾಸಕ್ಕೆ ಬರೋಣ. ಕಾಲಿಗೆ ಚಕ್ರ ಕಟ್ಟಿಕೊಳ್ಳುವ ಆಸೆ ಮನುಷ್ಯನಿಗೆ ಹಳೆಯದು. 1760ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಬೆಲ್ಜಿಯಂ ಮೂಲದ ಯಂತ್ರಕುಶಲಿ ಇದ್ದ. ಅವನು ಚಕ್ರದ ಪಾದರಕ್ಷೆ ಮಾಡಿಕೊಂಡು, ಪಿಟೀಲು ನುಡಿಸುತ್ತಾ ದೊಡ್ಡವರ ಔತಣಕೂಟವೊಂದಕ್ಕೆ ಜಾರಿಕೊಂಡು ಬಂದನಂತೆ. ಬಂದದ್ದೇನೋ ಸರಿ, ತಿರುಗುವುದು ಹೇಗೆ, ನಿಲ್ಲುವುದು ಹೇಗೆ? ನೇರ ಹೋಗಿ ಬೆಲೆಬಾಳುವ ದೊಡ್ಡ ಕನ್ನಡಿಗೆ ಡಿಕ್ಕಿ ಹೊಡೆದು, ಕನ್ನಡಿ ಚೂರಾಗಿ, ಪಿಟೀಲು ಮುರಿದು, ತಾನೂ ಗಾಯ ಮಾಡಿಕೊಂಡ ಎಂದು ಕಥೆ ಹೇಳುತ್ತಾರೆ. ಕಥೆಯಲ್ಲಿ ಉಪ್ಪುಖಾರ ಎಷ್ಟೇ ಇರಲಿ, ಆ ಕಾಲದ ಚಕ್ರದ ಪಾದರಕ್ಷೆಗಳ ದೋಷವನ್ನು ಅದು ಸರಿಯಾಗಿಯೇ ಹೇಳುತ್ತದೆ. ಅಚ್ಚು ಅಲುಗಾಡದಂತೆ ಕೂತಿರುತ್ತಿತ್ತು. ಹಾಗಾಗಿ ನೇರ ಹೋಗುವುದು ಸುಲಭ, ತಿರುಗುವುದು ದುಸ್ಸಾಹಸ.

ಇದಕ್ಕೆ ಉತ್ತರ ಸಿಕ್ಕಿದ್ದು ನೂರು ವರ್ಷಗಳ ನಂತರ. 1863ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬಾತ ಹೊಸ ಮಾದರಿಯ ಸ್ಕೇಟಿಗೆ ಪೇಟೆಂಟ್ ಪಡೆದ. ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ. ಅಚ್ಚುಗಳನ್ನು ಪಾದದ ಹಲಗೆಗೆ ಬಿಗಿಯದೆ ಓರೆಯಾಗಿ ಕೂರಿಸಿ ನಡುವೆ ರಬ್ಬರ್ ಇಟ್ಟ. ಪಾದವನ್ನು ಎಡಕ್ಕೆ ವಾಲಿಸಿದರೆ ರಬ್ಬರ್ ಒಂದು ಕಡೆ ಅದುಮಿಕೊಳ್ಳುತ್ತದೆ, ಮುಂದಿನ ಅಚ್ಚು ಎಡಕ್ಕೂ ಹಿಂದಿನ ಅಚ್ಚು ಬಲಕ್ಕೂ ತಿರುಗಿ ಸ್ಕೇಟು ಎಡಕ್ಕೆ ಬಳುಕುತ್ತದೆ. ನೆಟ್ಟಗೆ ನಿಂತರೆ ರಬ್ಬರ್ ಹಿಗ್ಗಿ ಅಚ್ಚನ್ನು ನಡುವಿಗೆ ತಂದು ನಿಲ್ಲಿಸುತ್ತದೆ. ಸ್ಟೇರಿಂಗ್ ಇಲ್ಲ, ಹ್ಯಾಂಡಲ್ ಇಲ್ಲ. ಮೈಭಾರವೇ ಸ್ಟೇರಿಂಗು. ಇಂದಿನ ಲಾಂಗ್‌ಬೋರ್ಡ್ ತಿರುಗುವುದೂ ಇದೇ ಲೆಕ್ಕದಲ್ಲಿ. ನೂರಅರವತ್ತು ವರ್ಷಗಳಾದರೂ ಮೂಲ ಉಪಾಯ ಬದಲಾಗಿಲ್ಲ.

ಒಂದು ವಿಷಯ ಗಮನಿಸಿ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ಕ್ರಮ ಕಂಡುಹಿಡಿಯದೇ ಇದ್ದಿದ್ದರೆ ಪ್ಲಿಂಪ್ಟನ್ನನ ಉಪಾಯ ಕಾಗದದ ಮೇಲೆಯೇ ಉಳಿಯುತ್ತಿತ್ತು. ಹಸಿ ರಬ್ಬರ್ ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಕಲ್ಲಾಗುತ್ತದೆ. ಸುಳ್ಯದ ಕಡೆಯವನಾದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ; ಚಿರಟೆಯಲ್ಲಿ ಹೆಪ್ಪುಗಟ್ಟಿದ ರಬ್ಬರ್ ಹಾಲನ್ನು ಉಂಡೆ ಮಾಡಿ ಚೆಂಡಾಟ ಆಡಿ ಬೆಳೆದವರು ನಾವು. ಈ ಮರ ನಮ್ಮದಲ್ಲ, ಬ್ರೆಜಿಲ್‌ನದ್ದು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಅಲ್ಲಿಂದ ಬೀಜ ಸಾಗಿಸಿ ಲಂಡನ್ನಿಗೆ ಕೊಟ್ಟ ಮೇಲೆಯೇ ಏಷ್ಯಾದಲ್ಲಿ ಅದರ ತೋಟಗಳು ಎದ್ದದ್ದು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಜೀವನಕ್ಕೊಂದು ದಾರಿ ಆಗಲಿ ಎಂದು ಸುಳ್ಯ, ಪುತ್ತೂರು ಕಡೆ ಸರ್ಕಾರವೇ ರಬ್ಬರ್ ತೋಟ ಎಬ್ಬಿಸಿತು. ಆ ಹಾಲು ಕಾಯಿಸಿದ ರಬ್ಬರ್ ಆಗಿ ಎಲ್ಲೆಲ್ಲಿ ಬುಷ್ ಆಗಿ ಕೂತಿದೆಯೋ ದೇವರೇ ಬಲ್ಲ. ಇರಲಿ, ವಿಷಯ ಜಾರುತ್ತಿದೆ.

ಸ್ಕೇಟಿನಿಂದ ಹಲಗೆಗೆ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸಮುದ್ರದಲ್ಲಿ ಅಲೆಯ ಮೇಲೆ ಹಲಗೆ ಓಡಿಸುವ ಹುಡುಗರು, ಅಲೆ ಇಲ್ಲದ ದಿನ ರಸ್ತೆಯ ಮೇಲೆ ಓಡಿಸೋಣ ಎಂದು ರೋಲರ್ ಸ್ಕೇಟನ್ನು ಬಿಚ್ಚಿ ಮರದ ಹಲಗೆಯಡಿ ಹೊಡೆದುಕೊಂಡರು. ಅಚ್ಚು, ಬುಷ್ ಸಮೇತ ಆ ಜೋಡಣೆಗೆ 'ಟ್ರಕ್' ಎಂದು ಹೆಸರು. (ನಮ್ಮ ಲಾರಿಗೂ ಇದಕ್ಕೂ ಸಂಬಂಧವಿಲ್ಲ.) 1963ರ ಹೊತ್ತಿಗೆ ಮಕಾಹಾ ಮುಂತಾದ ಕಂಪನಿಗಳು ಅಂಗಡಿಯಲ್ಲಿ ಮಾರತೊಡಗಿದವು. ಚಕ್ರ ಜೇಡಿಯದ್ದು. ರಸ್ತೆಯಲ್ಲಿ ಕಡಲೆಕಾಳಿನಷ್ಟು ಕಲ್ಲು ಸಿಕ್ಕಿದರೂ ಹಲಗೆ ಗಕ್ಕನೆ ನಿಲ್ಲುತ್ತಿತ್ತು, ಮೇಲಿದ್ದವನು ಮಾತ್ರ ನಿಲ್ಲುತ್ತಿರಲಿಲ್ಲ. ಕೈಕಾಲು ಮುರಿದವರ ಸಂಖ್ಯೆ ಏರಿತು, ವೈದ್ಯರು ಎಚ್ಚರಿಸಿದರು, ಎಷ್ಟೋ ಊರುಗಳು ನಿಷೇಧ ಹೇರಿದವು. 1965ಕ್ಕೆ ಆ ವ್ಯಾಪಾರ ಮಕಾಡೆ ಮಲಗಿತು.

ಅದನ್ನು ಎಬ್ಬಿಸಿದ್ದು ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಓಟೊ ಬಾಯರ್ ತಂಡ ಕಂಡುಹಿಡಿದ ವಸ್ತು ಇದು. ಫ್ರಾಂಕ್ ನಾಸ್ವರ್ದಿ ಎಂಬ ಯುವಕ ವರ್ಜೀನಿಯಾದ ಕಾರ್ಖಾನೆಯೊಂದರಲ್ಲಿ ಇದರಿಂದ ಮಾಡಿದ ಸ್ಕೇಟಿನ ಚಕ್ರಗಳನ್ನು ಕಂಡು, 1970ರ ದಶಕದ ಆರಂಭದಲ್ಲಿ 'ಕ್ಯಾಡಿಲಾಕ್' ಎಂಬ ಹೆಸರಿನಲ್ಲಿ ಹಲಗೆಗೆ ತಂದ. ಈ ಚಕ್ರ ಸಣ್ಣ ಕಲ್ಲನ್ನು ನುಂಗಿಕೊಂಡು ಹೋಗುತ್ತಿತ್ತು, ರಸ್ತೆಯನ್ನು ಕಚ್ಚಿ ಹಿಡಿಯುತ್ತಿತ್ತು. ಸ್ಕೇಟ್‌ಬೋರ್ಡಿನ ಇತಿಹಾಸ ಬರೆದವರೆಲ್ಲ ಇಲ್ಲಿ ಚಕ್ರಕ್ಕೆ ಹಾರ ಹಾಕುತ್ತಾರೆ. ಹಾಕಲಿ, ನನ್ನ ಅಭ್ಯಂತರವಿಲ್ಲ. ಆದರೆ ಚಕ್ರ ಸುಧಾರಿಸಿದ ಕೂಡಲೇ ವೇಗ ಹೆಚ್ಚಿತು, ವೇಗ ಹೆಚ್ಚಿದ ಕೂಡಲೇ ಸ್ಕೇಟಿನಿಂದ ಕಿತ್ತು ತಂದ ಕಿರಿದಾದ ಟ್ರಕ್ಕು, ಮೆತ್ತನೆಯ ರಬ್ಬರ್ ಬುಷ್ ಸೋತುಹೋದವು. ನಡೆದಾಡುವ ವೇಗಕ್ಕೆ ಮಾಡಿದ್ದನ್ನು ಇಳಿಜಾರಿಗೆ ತಂದರೆ ಏನಾಗುತ್ತದೆ? 1975ರಲ್ಲಿ ಬೆನೆಟ್, ಟ್ರ್ಯಾಕರ್, 1978ರಲ್ಲಿ ಇಂಡಿಪೆಂಡೆಂಟ್ ಕಂಪನಿಗಳು ಹಲಗೆಗೆಂದೇ ಟ್ರಕ್ ಮಾಡಿದವು. ಬುಷ್ ಕೂಡ ರಬ್ಬರ್ ಬಿಟ್ಟು ಯುರೆಥೇನ್‌ಗೆ ಬಂತು. 1993ರಲ್ಲಿ ಶುರುವಾದ ಸೆಕ್ಟರ್ 9ನಂಥ ಕಂಪನಿಗಳಿಂದ ಉದ್ದ ಹಲಗೆಗೆ ಮತ್ತೆ ಜೀವ ಬಂತು. ರಾಂಡಾಲ್ ಟ್ರಕ್ಕುಗಳು ನಡುವಿನ ಕಿಂಗ್‌ಪಿನ್ ಬೋಲ್ಟನ್ನು ಹೊರಮುಖವಾಗಿ ತಿರುಗಿಸಿ, ಲಾಂಗ್‌ಬೋರ್ಡಿಗೆ ಬೇಕಾದ ನಿಧಾನವಾದ, ಆಳವಾದ ಬಳುಕು ಕೊಟ್ಟವು. ಹೀಗೆ ವೇಗ ಒಂದು ಮೆಟ್ಟಿಲು ಏರಿದಾಗಲೆಲ್ಲ ಬುಷ್ ಲೆಕ್ಕ ಹೊಸದಾಗಿ ಹಾಕಬೇಕಾಯಿತು.

ನಮ್ಮ ದೇಶಕ್ಕೆ ಈ ಗಾಳಿ ತಡವಾಗಿ ಬೀಸಿತು. 2013ರಲ್ಲಿ ಬೆಂಗಳೂರಿನ ಹೋಲಿಸ್ಟೋಕ್ಡ್ ತಂಡದ ಹುಡುಗರು ಹೊರದೇಶದ ಗೆಳೆಯರ ಜೊತೆ ತಾವೇ ಸಿಮೆಂಟು ಕಲಸಿ ಸ್ಕೇಟ್ ಪಾರ್ಕ್ ಕಟ್ಟಿದರು. 2015ರಲ್ಲಿ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬ ಮಹಿಳೆ ಮಕ್ಕಳಿಗಾಗಿ ಇಂಥದ್ದೇ ಪಾರ್ಕ್ ಮಾಡಿದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ಅಂದರೆ 2021ರಲ್ಲಿ, ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸೇರಿತು. ಆಮೇಲೆ ಹಲಗೆಗಳು ಕೊರಿಯರ್ ಡಬ್ಬದಲ್ಲಿ ಕೋರಾಡಿಗೂ ಬಂದವು!

ನಮ್ಮ ಕಾಲೋನಿಯ ಒಬ್ಬ ಇಂಜಿನಿಯರಿಂಗ್ ಹುಡುಗ, ತೂಕ ಎಂಬತ್ತರ ಮೇಲೆ, ಪುಣೆಯ ಸಣಕಲು ಗೆಳೆಯನಿಂದ ಹಳೆ ಲಾಂಗ್‌ಬೋರ್ಡ್ ತಂದ. ನಸುಕಿನಲ್ಲಿ ಫ್ಲೈಓವರ್ ಇಳಿಜಾರಿಗೆ ಬಿಟ್ಟ. ಅರ್ಧ ದಾರಿಯಲ್ಲಿ ಹಲಗೆ ಎಡಕ್ಕೂ ಬಲಕ್ಕೂ ಪಟಪಟನೆ ಒದರಾಡತೊಡಗಿತು, ಅವನು ಉರುಳಿದ. ಹೆಲ್ಮೆಟ್ ಇದ್ದದ್ದಕ್ಕೆ ತಲೆ ಉಳಿಯಿತು. ಮೊಣಕೈ, ಸೊಂಟದ ಚರ್ಮ ಹೋಯಿತು. ಅವನ ಅಪ್ಪ ಹಲಗೆಯನ್ನು ಒಲೆಗೆ ಹಾಕಲು ಹೊರಟಿದ್ದರು. "ಕಾಕಾ, ನೀವಾದರೂ ಹೇಳಿ" ಎಂದು ಹುಡುಗ ನನ್ನ ಬಳಿ ಬಂದ. ಅಲ್ಲಿಂದ ಶುರುವಾಯಿತು ನನ್ನ ಬುಷ್ ಅಧ್ಯಯನ. ಸ್ಥಾವರದ ನಮ್ಮ ಗೆಳೆಯರು ಹಲಗೆ ಮಗುಚಿ ಹಾಕಿ, ಬುಷ್ ಅದುಮಿ ನೋಡಿ, ಒಂದೇ ನಿಮಿಷದಲ್ಲಿ ಹೇಳಿದರು: "ಇದು ಬೇರೆಯವರ ತೂಕಕ್ಕೆ ಹಾಕಿದ್ದು." ಮೆತ್ತಗಿದೆ ಎಂದು ಹುಡುಗ ನಟ್ಟನ್ನು ಬಿಗಿದು ಬಿಗಿದು, ಬುಷ್ ಹೊಟ್ಟೆ ಉಬ್ಬಿ ಬಿರುಕು ಬಿಟ್ಟಿತ್ತು.

ಬುಷ್ ಆರಿಸುವ ಲೆಕ್ಕ ಹೀಗಿದೆ. ಒಂದು ಟ್ರಕ್ಕಿಗೆ ಎರಡು ಬುಷ್, ಹಲಗೆಗೆ ನಾಲ್ಕು. ಹಲಗೆಯ ಕಡೆಯ ಬುಷ್ ಮೇಲೆ ಭಾರ ಹೆಚ್ಚು, ರಸ್ತೆಯ ಕಡೆಯದರ ಮೇಲೆ ಕಡಿಮೆ. ಗಟ್ಟಿತನ ಅಳೆಯಲು 1920ರ ದಶಕದಲ್ಲಿ ಆಲ್ಬರ್ಟ್ ಶೋರ್ ರೂಪಿಸಿದ ಡ್ಯೂರೋಮೀಟರ್ ಅಳತೆ ಇದೆ. ಬುಷ್ ಮೇಲೆ 78ಎ, 85ಎ, 93ಎ ಎಂದು ಬರೆದಿರುವುದು ಅದೇ. ಅಂಕಿ ಏರಿದಷ್ಟೂ ಗಟ್ಟಿ. ಅಂದಾಜಿಗೆ, 50 ಕೆ.ಜಿ. ಆಸುಪಾಸಿನವರಿಗೆ 80ಎ ಹತ್ತಿರ, 60ರಿಂದ 75 ಕೆ.ಜಿ.ಯವರಿಗೆ 85ಎ ಸುತ್ತಮುತ್ತ, 80 ದಾಟಿದವರಿಗೆ 90ಎ. ಕಾರ್ಖಾನೆಯಿಂದ ಹಾಕಿ ಬರುವ ಬುಷ್ ಯಾವುದೋ ಸರಾಸರಿ ಮನುಷ್ಯನಿಗೆ ಮಾಡಿದ್ದು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಎಲ್ಲರ ಸಂಬಳಕ್ಕೂ ಒಂದೇ ಕಂತು ಕಟ್ಟಿದ ಹಾಗೆ. ಕೆಲವರಿಗೆ ಸರಿಹೋಗುತ್ತದೆ, ಉಳಿದವರ ಖಾತೆ ಕೆಡುತ್ತದೆ.

ಆಕಾರವೂ ಮುಖ್ಯ. ಡ್ರಮ್ಮಿನ ಹಾಗೆ ನೇರ ಇರುವುದು ಬ್ಯಾರೆಲ್, ತುದಿ ಸಣ್ಣಗಾಗುವುದು ಕೋನ್. ಕೋನ್ ಬೇಗ ಬಗ್ಗುತ್ತದೆ. ಪೇಟೆಯ ರಸ್ತೆಯಲ್ಲಿ ನಿಧಾನ ಬಳುಕುವವರಿಗೆ ಚೆಂದ. ಬ್ಯಾರೆಲ್ ಬೇಗ ಬಗ್ಗಲು ಒಪ್ಪುವುದಿಲ್ಲ. ಇಳಿಜಾರಿನವರಿಗೆ ಅದೇ ಬೇಕು. ಹಲಗೆಯ ಕಡೆ ಬ್ಯಾರೆಲ್, ರಸ್ತೆಯ ಕಡೆ ಕೋನ್ ಹಾಕುವುದು ನಡುವಿನ ದಾರಿ. ವೇಗದ ಇಳಿಜಾರಿಗೆ ಎರಡೂ ಬ್ಯಾರೆಲ್, ಹಿಂದಿನ ಟ್ರಕ್ಕಿನದು ಮುಂದಿನದಕ್ಕಿಂತ ತುಸು ಗಟ್ಟಿ ಇರಲಿ. ಮುಂದಿನದು ದಾರಿ ತೋರಿಸಬೇಕು, ಹಿಂದಿನದು ಹಿಂಬಾಲಿಸಬೇಕು. ಹಿಂದಿನದೇ ದಾರಿ ತೋರಿಸತೊಡಗಿದರೆ ಆ ಪಟಪಟ ಒದರಾಟ ಶುರು.

ನಟ್ಟಿನ ವಿಷಯ: ವಾಷರ್ ಸಡಿಲವಾಗಿ ಅಲ್ಲಾಡದಷ್ಟು ಬಿಗಿ, ಅದರ ಮೇಲೆ ಸ್ವಲ್ಪ, ಅಷ್ಟೇ. ಮೆತ್ತನೆಯ ಬುಷ್‌ಗೆ ನಟ್ಟು ಬಿಗಿಯುವುದು ಪರಿಹಾರ ಅಲ್ಲ. ಗಟ್ಟಿ ಬುಷ್ ತರುವುದು ಪರಿಹಾರ. ನಾಗಪುರದವರು ಹವೆಯನ್ನೂ ನೋಡಬೇಕು. ಗಟ್ಟಿತನ ಅಳೆಯುವುದು ಸಾಮಾನ್ಯವಾಗಿ 23 ಡಿಗ್ರಿಯಲ್ಲಿ. ನಮ್ಮ ಮೇ ತಿಂಗಳಲ್ಲಿ 45 ಡಿಗ್ರಿ ಮುಟ್ಟುತ್ತದೆ, ರಸ್ತೆಯ ಡಾಂಬರು ಇನ್ನೂ ಬಿಸಿ. ಡಿಸೆಂಬರಿನಲ್ಲಿ ಸರಿಯಾಗಿದ್ದ ಬುಷ್ ಮೇನಲ್ಲಿ ಮೆತ್ತಗೆನಿಸಿದರೆ ಆಶ್ಚರ್ಯವಿಲ್ಲ.

ಆ ಹುಡುಗ 90ಎ ಬ್ಯಾರೆಲ್ ತರಿಸಿ ಹಾಕಿಸಿಕೊಂಡ. ಒಲೆಗೆ ಹೋಗಬೇಕಿದ್ದ ಹಲಗೆ ಉಳಿಯಿತು. ಫ್ಲೈಓವರ್ ಮಾತ್ರ ಬೇಡ, ಖಾಲಿ ಕಾಲೋನಿ ರಸ್ತೆ ಸಾಕು ಎಂದು ಅಪ್ಪ-ಮಗನ ನಡುವೆ ಒಪ್ಪಂದವಾಗಿದೆ. ಅದೂ ಒಂದು ಬುಷ್ ಅನ್ನಿ, ಇಬ್ಬರೂ ಸ್ವಲ್ಪ ಬಗ್ಗಿದರು.

ಮರ್ಲಿನ್ ಕನ್ನಡಿ ಒಡೆದದ್ದು, 1965ರಲ್ಲಿ ಊರೂರು ನಿಷೇಧ ಹೇರಿದ್ದು, ಮೊನ್ನೆ ಮೊನ್ನೆ ಕಾಲೋನಿಯ ಹುಡುಗನ ಚರ್ಮ ಹೋದದ್ದು, ಮೂರರಲ್ಲೂ ಓಡುವ ಉಪಾಯ ಮೊದಲು ಬಂತು, ಹಿಡಿತದ ಉಪಾಯ ಹಿಂದೆ ಬಿತ್ತು. ನಿಮ್ಮ ಮನೆಯಲ್ಲೂ ಮಕ್ಕಳು, ಮೊಮ್ಮಕ್ಕಳು ಇಂಥ ಹಲಗೆಗೆ ಹಟ ಹಿಡಿದಿದ್ದರೆ ಬೈಯಬೇಡಿ. ಮೊದಲು ಹೆಲ್ಮೆಟ್ ಕೊಡಿಸಿ. ಆಮೇಲೆ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಆ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬುಷ್ ಕೊಳ್ಳುವಾಗ ಅದರ ಬಣ್ಣ ನೋಡಬೇಡಿ, ಚೀಟಿ ನೋಡಿ.